ಕಾಲುಚೀಲದ ಗಡ್ಡೆ

ಸ್ಕಾರ್ವ್‌ನೆಸ್,
ಬುಧವಾರ, ಸೆಪ್ಟೆಂಬರ್ ೧೮

ಪ್ರೀತಿಯ ಅತ್ತೆ,

ಸೊಂಟದ ನೋವು ಹೇಗಿದೆ? ಊರುಗೋಲು ಬಿಟ್ಟು ಕಿಟಕಿಯವರೆಗೆ ನಡೆದಿರಂತೆ, ನರ್ಸ್ ನಿಮ್ಮ ಮಗ ಸ್ಟೈನಾರ್‌ಗೆ ಫೋನಿನಲ್ಲಿ ಹೇಳಿದಳು. ಕೇಳಿ ಸಮಾಧಾನವಾಯಿತು. ಹಾಗೆ ನಡೆದವರು ಪಕ್ಕದ ಕೋಣೆಗೂ ಹೋಗಿ, ಅಲ್ಲಿನ ಅಜ್ಜಿ ಹೂಗಿಡಕ್ಕೆ ನೀರು ಹೆಚ್ಚು ಹಾಕುತ್ತಾಳೆಂದು ಬೈದು ಬಂದಿರಂತೆ. ಅದನ್ನು ಕೇಳಿ ಇನ್ನೂ ಸಮಾಧಾನವಾಯಿತು. ಬೈಯುವ ಶಕ್ತಿ ಬಂದಿದೆ ಎಂದರೆ ಮೂಳೆಯೂ ಕೂಡಿಕೊಳ್ಳುತ್ತಿದೆ ಎಂದೇ ಅರ್ಥ. ಊಟ ಸೇರುತ್ತಿದೆಯಾ? ಟ್ರೋಮ್ಸೊದ ಆಸ್ಪತ್ರೆಯಲ್ಲಿ ಮೀನನ್ನು ನೀರಿನಂತೆ ಬೇಯಿಸುತ್ತಾರೆ ಎಂದಿದ್ದಿರಿ. ಸುನ್ನಿವಾ ಹೋದ ವಾರ ಹಿಡಿದ ಮೀನಿಗೆ ಉಪ್ಪು ಹಾಕಿ ಇಟ್ಟಿದ್ದೇನೆ, ಸ್ಟೈನಾರ್ ಹಡಗಿನಿಂದ ಬಂದಮೇಲೆ ಅವನ ಕೈಲಿ ಕಳಿಸುತ್ತೇನೆ. ನಿಮ್ಮ ಮೊಮ್ಮಗಳು ಈಗ ದೋಣಿಯನ್ನು ಒಬ್ಬಳೇ ನೀರಿಗಿಳಿಸುತ್ತಾಳೆ, ನನ್ನ ಮಾತು ಮಾತ್ರ ಅವಳ ಕಿವಿಗೆ ಇಳಿಯುವುದಿಲ್ಲ.

ದಿನಾ ಫೋನಿನಲ್ಲಿ ಮಾತಾಡುವವಳು ಕಾಗದ ಯಾಕೆ ಬರೆದಳು ಎಂದು ಕನ್ನಡಕ ಹುಡುಕುವಾಗಲೇ ನಿಮಗೆ ಅನುಮಾನ ಬಂದಿರುತ್ತದೆ. ಫೋನಿನಲ್ಲಿ ನನಗೆ ಸುಳ್ಳು ಬಹಳ ಸಲೀಸಾಗಿ ಬರುತ್ತದೆ ಅತ್ತೆ. ಅದು ನನಗೂ ಈ ಬೇಸಿಗೆಯಲ್ಲೇ ಗೊತ್ತಾಗಿದ್ದು. ಬರೆಯಲು ಕೂತರೆ ಅಷ್ಟು ಸಲೀಸಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ನಿಜವಾದ ಸುದ್ದಿಗಳನ್ನೆಲ್ಲ ಹೇಳಿಬಿಡುತ್ತೇನೆ. ರೂಬಾರ್ಬಿನ ಹುಳಿದಂಟು ದಂಡಿಯಾಗಿ ಬಂತು. ಅದಕ್ಕೇನು, ಬಂಡೆಯ ಮೇಲೆ ಎಸೆದರೂ ಬರುತ್ತದೆ. ಹದಿನಾಲ್ಕು ಬಾಟಲಿ ಜಾಮ್ ಮಾಡಿದೆ. ಕ್ಯಾರೆಟ್ ಬೆರಳುದ್ದವೂ ಆಗಲಿಲ್ಲ. ಎಲೆಕೋಸನ್ನು ಹುಳ ತಿಂದು, ಉಳಿದದ್ದನ್ನು ಪಕ್ಕದ ಮನೆ ಓಡನ ಕುರಿ ಬೇಲಿ ಹಾರಿ ಬಂದು ತಿಂದಿತು. ಕುರಿಯನ್ನು ಅಟ್ಟಿಸಿಕೊಂಡು ಹೋಗಿ ನಾನು ಕೆಸರಿನಲ್ಲಿ ಜಾರಿ ಬಿದ್ದೆ. ಕುರಿ ನಿಂತು ತಿರುಗಿ ನೋಡಿತು. ಜುಲೈ ಮೂರನೇ ತಾರೀಕು ಒಮ್ಮೆ ಎಲೆಯ ಮೇಲಿನ ನೀರು ಹೆಪ್ಪುಗಟ್ಟಿತು, ಜುಲೈಯಲ್ಲಿ! ಹೊದಿಕೆ ಬಟ್ಟೆ ಸಾಲದೆ ಮನೆಯ ಪರದೆಗಳನ್ನೆಲ್ಲ ಬಿಚ್ಚಿ ತಂದು ಸಾಲುಗಳ ಮೇಲೆ ಹಾಸಿದೆ. ನಿಮ್ಮ ಕಸೂತಿಯ ಮೇಜುಬಟ್ಟೆಯನ್ನೂ ಹಾಸಿದೆ, ಮಣ್ಣಿನ ಕಲೆ ಇನ್ನೂ ಪೂರ್ತಿ ಹೋಗಿಲ್ಲ. ಆಗಸ್ಟ್ ಇಪ್ಪತ್ತೆರಡಕ್ಕೆ ಮತ್ತೆ ಕೊರೆಯಿತು, ಆಲೂಗಡ್ಡೆ ಗಿಡಗಳೆಲ್ಲ ಕಪ್ಪಾದವು. ಲೆಕ್ಕ ಹಾಕಿದರೆ ದೇವರು ನಮಗೆ ಕೊಟ್ಟಿದ್ದು ಏಳು ವಾರ. ಏಳು ವಾರದಲ್ಲಿ ಕೂದಲಿಗೆ ಬಣ್ಣ ಹಚ್ಚಿಸಿಕೊಳ್ಳಲೂ ನನಗೆ ಪುರಸೊತ್ತಾಗುವುದಿಲ್ಲ, ಆ ಬಡಪಾಯಿ ಗಿಡ ಹುಟ್ಟಿ, ಹೂಬಿಟ್ಟು, ಗಡ್ಡೆ ಕಟ್ಟಬೇಕು.

ನನಗೆ ಸಾಕಾಗಿದೆ ಅತ್ತೆ. ಇದನ್ನು ನೇರವಾಗಿ ಹೇಳುವ ಧೈರ್ಯ ಹತ್ತೊಂಬತ್ತು ವರ್ಷದಲ್ಲಿ ಬರಲಿಲ್ಲ. ಬೆಳಗ್ಗೆ ಆರಕ್ಕೆ ಮೀನಿನ ಕಾರ್ಖಾನೆ, ಎರಡಕ್ಕೆ ಬಂದು ಊಟ, ಆಮೇಲೆ ನಿಮ್ಮ ಹೊಲ. ಗೊಬ್ಬರಕ್ಕೆ ದಡದಿಂದ ಕಡಲಪಾಚಿ ಹೊತ್ತು ತಂದು ಹಾಕಬೇಕು, ಕಲ್ಲು ಆರಿಸಬೇಕು. ಒಂದು ವರ್ಷ ಆರಿಸಿದ ಕಲ್ಲು ಮುಂದಿನ ವರ್ಷ ಮತ್ತೆ ಮೇಲೆ ಬಂದು ಕೂತಿರುತ್ತದೆ. ಅಂಗಡಿಯಲ್ಲಿ ತೊಳೆದು ಚೀಲದಲ್ಲಿ ಕಟ್ಟಿ ಇಟ್ಟ ಆಲೂಗಡ್ಡೆ ಸಿಗುವಾಗ ಇದೆಲ್ಲ ಯಾಕೆ ಎಂದು ಒಮ್ಮೆ ಕೇಳಿದ್ದೆ, ನೆನಪಿದೆಯಾ? ನೀವು ಮೂರು ದಿನ ಮಾತು ಬಿಟ್ಟಿರಿ. ಆಮೇಲೆ, ಆಗಿನ್ನೂ ಬದುಕಿದ್ದ ಮಾವ ನನ್ನನ್ನು ಕೊಟ್ಟಿಗೆಯ ಹಿಂದೆ ಕರೆದು ಮೆಲ್ಲಗೆ ಹೇಳಿದರು, “ಆ ಗಡ್ಡೆ ವಿಷ್ಯಕ್ಕೆ ಕೈ ಹಾಕ್ಬೇಡ ತಾಯಿ. ನಾನೇ ಹಾಕಲ್ಲ.”

ನನಗೂ ಅದರ ಬೆಲೆ ಗೊತ್ತಿಲ್ಲದೆ ಇಲ್ಲ. ನಲವತ್ತನಾಲ್ಕರ ಯುದ್ಧದಲ್ಲಿ ಜರ್ಮನ್ನರು ಮನೆಗಳಿಗೆಲ್ಲ ಬೆಂಕಿಯಿಟ್ಟು ಜನರನ್ನು ದಕ್ಷಿಣಕ್ಕೆ ಅಟ್ಟಿದಾಗ ನಿಮ್ಮ ಅಮ್ಮ ಬೆಳ್ಳಿ ಚಮಚಗಳನ್ನು ಬಿಟ್ಟು, ಉಣ್ಣೆಯ ಕಾಲುಚೀಲದೊಳಗೆ ಹನ್ನೊಂದು ಬಿತ್ತನೆ ಗಡ್ಡೆ ತುಂಬಿ ಸೊಂಟಕ್ಕೆ ಕಟ್ಟಿಕೊಂಡು ದೋಣಿ ಹತ್ತಿದರು. ಪರವೂರಿನಲ್ಲಿ ಯಾರದೋ ಹಿತ್ತಲಲ್ಲಿ ಅವನ್ನು ನೆಟ್ಟು ಉಳಿಸಿಕೊಂಡು, ಯುದ್ಧ ಮುಗಿದ ಮೇಲೆ ಸುಟ್ಟ ಮನೆಯ ಬೂದಿಯಲ್ಲೇ ಮತ್ತೆ ನೆಟ್ಟರು. ಆರು ವರ್ಷದ ನೀವು ಆ ದೋಣಿಯಲ್ಲಿದ್ದಿರಿ. ಈ ಕಥೆ ನನಗೆ ಬಾಯಿಪಾಠ. ಹೂವು ಬಿಳಿ, ಸಿಪ್ಪೆ ತೆಳು, ಕಣ್ಣು ನಸುಗೆಂಪು, ಬೇಯಿಸಿದರೆ ಒಳಗೆ ಬೆಣ್ಣೆ ಬಣ್ಣ. ಹೊರಗಿನವರಿಗೆ ಒಂದು ಗಡ್ಡೆಯನ್ನೂ ಬೀಜಕ್ಕೆ ಕೊಟ್ಟವರಲ್ಲ ನೀವು. ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಮುಂದಿನದನ್ನು ಹೇಳುವುದು ಕಷ್ಟ.

ಗಡ್ಡೆ ಹೋಯಿತು ಅತ್ತೆ. ಮೇ ತಿಂಗಳಿನಲ್ಲೇ ಹೋಯಿತು. ನಾವು ತಿಂದುಬಿಟ್ಟೆವು.

ಏಪ್ರಿಲ್‌ನಲ್ಲಿ ನೀವು ಆಸ್ಪತ್ರೆಯಿಂದ ಫೋನ್ ಮಾಡಿ “ಬಿತ್ತನೆ ಗಡ್ಡೇನ ಬೆಳಕಿಗೆ ಹರಡಿದ್ಯೇನೇ?” ಎಂದಾಗ ಹರಡಿದ್ದೇನೆ ಎಂದೆ. ಹರಡಿರಲಿಲ್ಲ. ನಿಮ್ಮ ಹಾಗೆ ಏಪ್ರಿಲ್ ಮಧ್ಯದಲ್ಲೇ ಮಲಗುವ ಕೋಣೆಯ ಕಿಟಕಿಗೆ ಪೆಟ್ಟಿಗೆ ಜೋಡಿಸಿ, ಆರು ವಾರ ಮೊಳಕೆ ಬರಿಸಿ, ದಿನಾ ಒಂದೊಂದನ್ನೂ ಮಗ್ಗುಲು ತಿರುಗಿಸಲು ನನಗೆ ಹೊತ್ತೆಲ್ಲಿತ್ತು? ವಾರದಲ್ಲಿ ಎರಡು ಸಲ ಟ್ರೋಮ್ಸೊಗೆ ಬಂದು ನಿಮ್ಮನ್ನು ನೋಡಿ ಹೋಗುತ್ತಿದ್ದೆ. ನಾಳೆ ಹರಡೋಣ, ನಾಡಿದ್ದು ಹರಡೋಣ ಎನ್ನುತ್ತಲೇ ಮೇ ಬಂತು, ಸುನ್ನಿವಾ ಚರ್ಚಿನಲ್ಲಿ ತನ್ನ ಬಾಯಿಂದಲೇ ನಂಬಿಕೆ ಹೇಳಿ ದೃಢೀಕರಣ ಪಡೆಯುವ ದಿನ ಬಂತು. ಚರ್ಚಿನಿಂದ ಮನೆಗೆ ಬರುವ ಇಪ್ಪತ್ನಾಲ್ಕು ಜನರಿಗೆ ಊಟ. ಕುರಿಮಾಂಸ ಒಲೆಯಲ್ಲಿ, ಕೇಕ್ ಇನ್ನೂ ಅರ್ಧ, ಸುನ್ನಿವಾಳ ಹಬ್ಬದ ಉಡುಪಿನ ಅಂಚು ಬಿಚ್ಚಿಹೋಗಿತ್ತು, ನಾನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ನೆಲದ ಮೇಲೆ ಮೊಣಕಾಲೂರಿದ್ದೆ. ಅಂಥ ಹೊತ್ತಿನಲ್ಲಿ ನಿಮ್ಮ ಮಗನಿಗೆ ನೆಲಮಾಳಿಗೆಯಿಂದ ಆಲೂಗಡ್ಡೆ ತಾ ಎಂದೆ. ಅವನು ತಂದ ಪೆಟ್ಟಿಗೆಯನ್ನು ನನ್ನ ಮುಖದ ಹತ್ತಿರ ಹಿಡಿದು, “ನೋಡೇ, ಎಲ್ಲಾ ಕೋಳಿಮೊಟ್ಟೆ ಅಳತೆ! ಅಮ್ಮ ಹಬ್ಬಕ್ಕೇಂತ ಆರಿಸಿ ಇಟ್ಟಂಗಿದೆ” ಎಂದ. ನಾನು ತಲೆಯೆತ್ತಿ ಸರಿಯಾಗಿ ನೋಡಲೂ ಇಲ್ಲ, ಸೂಜಿಯ ಸಂದಿಯಿಂದ ಹ್ಞೂಂ ಎಂದೆ.

ಊಟ ಬಹಳ ಚೆನ್ನಾಗಿ ಆಯಿತು ಎಂದು ನಿಮಗೆ ಹೇಳಿದ್ದು ಸುಳ್ಳಲ್ಲ. ಪಾದ್ರಿಯವರು ಮೂರು ಸಲ ಬಡಿಸಿಕೊಂಡರು. ಮಾಂಸದ ಬಗ್ಗೆ ಒಬ್ಬರೂ ಮಾತಾಡಲಿಲ್ಲ, ಎಲ್ಲರೂ ಆಲೂಗಡ್ಡೆಯನ್ನೇ ಹೊಗಳಿದರು. ಎಲ್ಲರೂ ಹೋದಮೇಲೆ ಉಳಿದ ಜಾಮ್ ಬಾಟಲಿ ಇಡಲು ನೆಲಮಾಳಿಗೆಗೆ ಇಳಿದೆ. ಊಟದ ಗಡ್ಡೆಯ ಪೆಟ್ಟಿಗೆ ತುಂಬಿದ್ದು ತುಂಬಿದ ಹಾಗೇ ಇತ್ತು. ಬಿತ್ತನೆಯ ಪೆಟ್ಟಿಗೆ ಇರಲಿಲ್ಲ. ನಾನು ಕಸದ ಬಕೆಟ್ ಬಗ್ಗಿಸಿ ಸಿಪ್ಪೆಗಳನ್ನೆಲ್ಲ ಹುಡುಕಿದೆ. ಸಿಪ್ಪೆಯಲ್ಲಿ ಒಂದು ಕಣ್ಣು ಉಳಿದರೂ ನೆಟ್ಟರೆ ಬರುತ್ತದೆ ಎಂದು ನೀವೇ ಹೇಳಿಕೊಟ್ಟಿದ್ದಿರಿ. ಆದರೆ ಸಿಪ್ಪೆ ಸಮೇತ ಬೇಯಿಸಿದ್ದೆವಲ್ಲ, ಬೆಂದ ಕಣ್ಣು ಏನು ಬಂದೀತು?

ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅಳುವುದಕ್ಕೆ ಮುಂಚೆ ಒಂದು ಕ್ಷಣ ಹಾಯೆನಿಸಿತು. ಇನ್ನು ಮೇಲೆ ಕಡಲಪಾಚಿ ಹೊರಬೇಕಾಗಿಲ್ಲ ಎನಿಸಿತು. ಆ ಒಂದು ಕ್ಷಣಕ್ಕೇ ನನಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆ.

ಸ್ಟೈನಾರ್ “ಈಗ್ಲೇ ಹೇಳ್ಬಿಡು, ಬೈತಾರೆ, ಮುಗಿಯುತ್ತೆ” ಎಂದ. ಹೇಳಿ ಅವನು ಹಡಗು ಹತ್ತಿದ. ಫೋನಿಗೆ ಉತ್ತರ ಕೊಡಬೇಕಾದವಳು ನಾನು. ವೈದ್ಯರು ಆಗ ನೀವು ಊಟ ಬಿಟ್ಟಿದ್ದೀರಿ, ಮಾತಾಡುವುದೂ ಕಡಿಮೆ, ಹೊಲದ ವಿಷಯ ಬಂದರೆ ಮಾತ್ರ ಎದ್ದು ಕೂರುತ್ತೀರಿ ಎಂದಿದ್ದರು. ಹೇಗೆ ಹೇಳಲಿ? ಜೂನ್‌ನಲ್ಲಿ ಅಂಗಡಿಯ ಬಿತ್ತನೆ ಗಡ್ಡೆ ತಂದು ನೆಟ್ಟೆ, ನೆಲ ಖಾಲಿ ಬಿಟ್ಟರೆ ಊರವರು ನಿಮಗೆ ಸುದ್ದಿ ಮುಟ್ಟಿಸುತ್ತಾರೆ ಎಂದು. ಮೊಳಕೆ ಬಂತು ಅತ್ತೆ ಎಂದೆ, ಬಂದಿತ್ತು. ಬುಡಕ್ಕೆ ಮಣ್ಣು ಏರಿಸಿದೆ ಎಂದೆ, ಏರಿಸಿದ್ದೆ. ನೀವು “ಹೂವು ಹೇಗಿದೆ?” ಎಂದಾಗ ಬೆಳ್ಳಗಿದೆ ಎಂದೆ. ನೇರಳೆ ಹೂವಿನ ಸಾಲಿನ ಮಧ್ಯೆ ನಿಂತುಕೊಂಡೇ ಹಾಗೆಂದೆ. ಆ ಕಡೆಯಿಂದ ನೀವು ನಿಟ್ಟುಸಿರು ಬಿಟ್ಟು, “ಬೆಳ್ಳಗೆ ಬಂತಾ, ಹಾಗಾದ್ರೆ ಸರಿ” ಎಂದಿರಿ. ಅವತ್ತು ನನಗೆ ಊಟ ಸೇರಲಿಲ್ಲ.

ಕೊನೆಗೆ ಹೋದ ವಾರ ನೀವು ಐದೇ ಐದು ಗಡ್ಡೆ ಕಳಿಸು, ಇಲ್ಲಿ ಅಡುಗೆಯವಳ ಕೈಲಿ ಬೇಯಿಸಿಕೊಳ್ಳುತ್ತೇನೆ ಎಂದಿರಿ. ಇನ್ನು ದಾರಿಯಿರಲಿಲ್ಲ. ನಿಮ್ಮ ಕಣ್ಣಿಗೆ ಮಣ್ಣೆರಚಬಹುದು, ನಾಲಿಗೆಗೆ ಸಾಧ್ಯವಿಲ್ಲ. ಈ ದಡದ ಮನೆಗಳನ್ನೆಲ್ಲ ಬೇಸಿಗೆಯಲ್ಲೇ ವಿಚಾರಿಸಿ ಮುಗಿಸಿದ್ದೆ. ಓಡನ ಹೆಂಡತಿ ನಕ್ಕುಬಿಟ್ಟಳು, “ನಿಮ್ಮತ್ತೆ ಕೊಟ್ಟಿದ್ರೆ ತಾನೇ ನಮ್ಹತ್ರ ಇರೋದು!” ಎಂದಳು. ಉಳಿದದ್ದು ಒಂದೇ ಮನೆ. ಎದುರು ದಡದ ಹಳದಿ ಮನೆ. ಹೆಸರು ಬರೆದರೆ ನೀವು ಕಾಗದ ಮಡಚಿಡುತ್ತೀರೇನೋ ಎಂದು ಹೆದರಿಕೆ. ದಯವಿಟ್ಟು ಮಡಚಬೇಡಿ. ಓಟ್ಟಾರ್ ಅವರ ಮನೆ, ತೀರಿಕೊಂಡ ಡಾಗ್ನಿ ಅವರ ಮನೆ.

ನಾನು ಈ ಮನೆಗೆ ಬಂದಾಗಿನಿಂದ ಕೇಳಿದ ಕಥೆ ಇಷ್ಟು. ಡಾಗ್ನಿ ನಿಮ್ಮ ಜೀವದ ಗೆಳತಿ. ಎಂಬತ್ತೆಂಟನೇ ಇಸವಿಯ ವಸಂತದಲ್ಲಿ ಅವರ ಬಿತ್ತನೆ ಗಡ್ಡೆಯೆಲ್ಲ ಕೊಳೆತುಹೋಗಿ ನಿಮ್ಮನ್ನು ಕೇಳಿದರು, ನೀವು ಕೊಡಲಿಲ್ಲ. ಆ ಶರತ್ಕಾಲ ಮನೆಮನೆಯಿಂದ ಅಡುಗೆ ತರುವ ಚರ್ಚಿನ ಸಂತೆಯೂಟದಲ್ಲಿ ಡಾಗ್ನಿ ತಂದ ಆಲೂಗಡ್ಡೆಯ ಪಾತ್ರೆಯಿಂದ ನೀವು ಒಂದು ತುತ್ತು ಬಾಯಿಗಿಟ್ಟಿರಿ, ಚಮಚ ಕೆಳಗಿಟ್ಟಿರಿ, ಊರೆಲ್ಲ ಕೇಳುವ ಹಾಗೆ “ಕಳ್ಳಿ” ಎಂದಿರಿ. ಡಾಗ್ನಿ ಒಂದು ಮಾತೂ ಆಡದೆ ಎದ್ದುಹೋದರು. ಸುಮ್ಮನಿದ್ದದ್ದೇ ಕದ್ದದ್ದಕ್ಕೆ ಸಾಕ್ಷಿ ಎಂದು ನೀವು ಯಾವಾಗಲೂ ಹೇಳುತ್ತಿದ್ದಿರಿ. ಮೂವತ್ತೊಂದು ವರ್ಷ ಒಂದೇ ಕಡಲಕವಲಿನ ಎರಡು ದಡದಲ್ಲಿ ಇದ್ದು ಮಾತಿಲ್ಲ. ನಾಲ್ಕು ವರ್ಷದ ಹಿಂದೆ ಅವರು ಹೋದಾಗ ಊರೆಲ್ಲ ಮಣ್ಣಿಗೆ ಹೋಗಿತ್ತು, ನೀವು ಹೋಗಲಿಲ್ಲ. ಆ ದಿನ ಇಡೀ ಹೊತ್ತು ಕಲ್ಲು ಆರಿಸುತ್ತಿದ್ದಿರಿ.

ಭಾನುವಾರ ಕಾರು ತೆಗೆದುಕೊಂಡು ಕಡಲಕವಲನ್ನು ಸುತ್ತಿ ಆ ದಡಕ್ಕೆ ಹೋದೆ. ಬಾಗಿಲು ತೆರೆದ ಓಟ್ಟಾರ್ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಬಾಮ್ಮ. ಯಾರು ಸತ್ರು?” ಎಂದರು. ಗಡ್ಡೆ ಸತ್ತಿತು ಎಂದೆ. ನಡೆದದ್ದನ್ನೆಲ್ಲ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ಬೂಟು ಹಾಕಿಕೊಂಡು ದೋಣಿಮನೆಯ ಹಿಂದಕ್ಕೆ ಕರೆದುಕೊಂಡು ಹೋದರು. ನಮ್ಮ ದಡದಿಂದ ಎಷ್ಟು ನೋಡಿದರೂ ಕಾಣದ ಜಾಗ. ಅಲ್ಲಿ ಎರಡು ಸಾಲು. ಅವರು ಒಂದು ಬುಡ ಅಗೆದು, ಗಡ್ಡೆಯನ್ನು ಪ್ಯಾಂಟಿಗೆ ಒರೆಸಿ ನನ್ನ ಅಂಗೈಗೆ ಹಾಕಿದರು. ಕೆಂಪು ಕಣ್ಣು, ತೆಳು ಸಿಪ್ಪೆ. ನಾನು ಅಲ್ಲೇ ಗೊಳೋ ಎಂದು ಅತ್ತೆ. ಆಮೇಲೆ ಬಾಯಿ ತಪ್ಪಿ ಅಂದುಬಿಟ್ಟೆ, “ಹಾಗಾದ್ರೆ ಡಾಗ್ನಿ ನಿಜವಾಗ್ಲೂ ಕದ್ದಿದ್ರು.”

ಮುಂದಿನದನ್ನು ಅವರು ಹೇಳಿದ ಹಾಗೇ ಬರೆಯುತ್ತೇನೆ. ನಾನು ಒಂದಕ್ಷರ ಸೇರಿಸಿಲ್ಲ. “ಕದ್ದಿದ್ದಲ್ಲಮ್ಮ. ಎಡ್ವಿನ್ನೇ ತಂದ್ಕೊಟ್ಟ, ನಿನ್ ಮಾವ. ಒಂದಿನ ಬೆಳಗ್ಗೆ ದೋಣಿಗೆ ಹುಟ್ಟು ಹಾಕ್ಕೊಂಡು ಈಚೆ ದಡಕ್ಕೆ ಬಂದ. ಟೋಪಿ ಒಳಗೆ ಏಳು ಗಡ್ಡೆ. ‘ಅವಳಿಗೆ ಗೊತ್ತಾಗೋದು ಬೇಡ’ ಅಂದ. ಸಂತೆಯೂಟದ ದಿನ ಅಲ್ಲೇ ಇದ್ನಲ್ಲ ಅವನು, ಕೈಯಲ್ಲಿ ಕಾಫಿ ಕೆಟಲ್ ಹಿಡ್ಕೊಂಡು. ಡಾಗ್ನಿ ಅವನ ಮುಖ ನೋಡಿದ್ಳು. ಅವನು ಕಾಫಿ ಬಗ್ಗಿಸ್ತಾನೇ ಇದ್ದ, ಲೋಟ ತುಂಬಿ ಮೇಜಿನ ಮೇಲೆ ಹರೀತಿತ್ತು. ಮನೆಗೆ ಬಂದ್ಮೇಲೆ ನಾನು ಕೂಗಾಡ್ದೆ, ನಿಜ ಹೇಳ್ಬಿಡೇ ಅಂತ. ಹೇಳಿದ್ರೆ ನಿನ್ನತ್ತೆ ಆಲ್ವಿಲ್ಡಾ ಅವನನ್ನ ಮನೆಯಿಂದ ಹೊರಗೆ ಹಾಕ್ತಾಳೆ, ಆಮೇಲೆ ಅವಳಿಗೆ ಯಾರಿರ್ತಾರೆ, ಅಂದ್ಳು.”

ನಾನು ಸಾಲಿನ ಪಕ್ಕದಲ್ಲೇ ಕೂತೆ. ಓಟ್ಟಾರ್ ಅವರು, “ದೇವತೆ ಅಂದ್ಕೋಬೇಡ ಅವಳನ್ನ. ಪ್ರತಿ ವರ್ಷ ಮೊದಲ್ನೇ ಗಡ್ಡೆ ಬೇಯ್ಸಿ, ನಿಮ್ಮನೆ ಕಡೆಗೇ ಮುಖ ಮಾಡಿ ಕೂತು, ಬೆಣ್ಣೆ ಸವರ್ಕೊಂಡು ತಿಂತಿದ್ಳು. ‘ತಗೋ ಆಲ್ವಿಲ್ಡಾ’ ಅಂತಿದ್ಳು” ಎಂದರು. ಅಷ್ಟು ಹೇಳಿ ಮೂಗು ಒರೆಸಿಕೊಂಡರು. ಡಾಗ್ನಿ ಹೋದ ಮೇಲೂ ಅವರೇ ನೆಡುತ್ತಿದ್ದಾರೆ. ಬೇರೆ ಯಾರಿಗೂ ಕೊಟ್ಟಿಲ್ಲವಂತೆ, ಅದು ಆಲ್ವಿಲ್ಡಾಳದ್ದು ಎಂದು ಡಾಗ್ನಿ ಹೇಳಿಹೋಗಿದ್ದರಂತೆ.

ನನಗೆ ನಾಲ್ಕು ಗಡ್ಡೆ ಬೀಜಕ್ಕೆ ಕೊಡಿ ಎಂದು ಕೇಳಿಕೊಂಡೆ. ಕೊಡಲಿಲ್ಲ. “ನಿನ್ ಕೈಗೆ ಯಾಕೆ ಕೊಡ್ಲಿ? ನೀನು ಬೇಯ್ಸಿ ಹಾಕೋಳು” ಎಂದರು. “ಕೊಟ್ರೆ ಆಲ್ವಿಲ್ಡಾ ಕೈಗೇ ಕೊಡೋದು, ಅವಳು ತಗೊಂಡ್ರೆ. ಇಲ್ದಿದ್ರೆ ನಾನು ಹೋದ್ಮೇಲೆ ನನ್ ಜೊತೆಗೇ ಹೋಗ್ಲಿ” ಎಂದರು. ಅವರಿಗೆ ಎಪ್ಪತ್ತೊಂಬತ್ತು ಅತ್ತೆ. ಎರಡು ಸಾಲು ಅಗೆಯುವಷ್ಟರಲ್ಲಿ ನಾಲ್ಕು ಸಲ ಕೂತರು. ಮುಂದಿನ ವರ್ಷ ನೆಡುವುದಿಲ್ಲ ಎಂದರು.

ಮಾವನ ಮೇಲೆ ನನಗೆ ಕೋಪ ಬಂದಿದೆ, ಅಷ್ಟು ಮೆದು ಮನುಷ್ಯನ ಮೇಲೆ. ನಿಮಗೆ ಏನನಿಸುತ್ತದೋ ಗೊತ್ತಿಲ್ಲ. ಈ ವಯಸ್ಸಿನಲ್ಲಿ, ಅಷ್ಟು ದೂರದ ಕೋಣೆಯಲ್ಲಿ ಒಬ್ಬರೇ ಕೂತು ಇದನ್ನು ಓದಬೇಕಲ್ಲ ಎಂದು ಸಂಕಟವಾಗುತ್ತದೆ. ಆದರೆ ಮುಚ್ಚಿಡಲು ನನ್ನಲ್ಲಿ ತ್ರಾಣ ಉಳಿದಿಲ್ಲ. ಈ ಬೇಸಿಗೆ ಪೂರ್ತಿ ಒಂದನ್ನು ಮುಚ್ಚಿಟ್ಟೇ ಸುಸ್ತಾಗಿದ್ದೇನೆ, ಡಾಗ್ನಿ ಮೂವತ್ತೊಂದು ವರ್ಷ ಹೇಗೆ ಇಟ್ಟುಕೊಂಡರೋ. ಬೈಯುವುದಿದ್ದರೆ ಪೂರ್ತಿ ಬೈಯಿರಿ. ಗಡ್ಡೆ ತಿಂದದ್ದಕ್ಕೆ, ಹೂವಿನ ಬಣ್ಣಕ್ಕೆ, ಮೇಜುಬಟ್ಟೆಗೆ, ಎಲ್ಲಕ್ಕೂ. ಮೂರು ದಿನ ಮಾತು ಬಿಟ್ಟರೂ ಸರಿ, ನಾಲ್ಕನೇ ದಿನ ಫೋನ್ ಮಾಡಿ.

ಸುನ್ನಿವಾ ಮುತ್ತು ಕಳಿಸಿದ್ದಾಳೆ. ಹೆಜ್ಜೆ ನಿಧಾನವಾಗಿ ಇಡಿ, ಮಾತ್ರೆ ತಪ್ಪಿಸಬೇಡಿ, ಉಲ್ಲನ್ ಶಾಲು ಹೊದ್ದುಕೊಳ್ಳಿ. ದೇವರು ನಿಮ್ಮ ಕಾಲಿಗೂ ಮನಸ್ಸಿಗೂ ಬಲ ಕೊಡಲಿ.

ನಿಮ್ಮ ಸುಸ್ತಾದ ಸೊಸೆ,
ತೂರಿಡ್

ಗುರುವಾರ ಬೆಳಗ್ಗೆ, ಅವಸರದಲ್ಲಿ: ಇದನ್ನು ಅಂಚೆಗೆ ಹಾಕಲು ಹೊರಟಿದ್ದೆ, ಮೆಟ್ಟಿಲ ಬಳಿ ಓಟ್ಟಾರ್ ಅವರು ನಿಂತಿದ್ದರು. ಗಡ್ಡ ಬೋಳಿಸಿ, ಮಣ್ಣಿಗೆ ಹೋಗುವಾಗ ಹಾಕುವ ಕರಿ ಕೋಟು ಹಾಕಿ, ತೊಡೆ ಮೇಲೆ ಇಟ್ಟುಕೊಳ್ಳುವಷ್ಟು ದೊಡ್ಡದಾದ, ಗಡ್ಡೆ ತುಂಬಿದ ಪೆಟ್ಟಿಗೆ ಹಿಡಿದುಕೊಂಡು. ಹತ್ತೂವರೆಯ ದೋಣಿಗೆ ಟ್ರೋಮ್ಸೊಗೆ ಹೊರಟಿದ್ದಾರೆ, ಎಂದೂ ಹೋದವರಲ್ಲ, ನಿಮ್ಮ ವಿಳಾಸ ಕೇಳಲು ಬಂದರು. ಹಾಗಾಗಿ ಕಾಗದ ಅವರ ಕೈಲೇ ಕೊಟ್ಟಿದ್ದೇನೆ. ನರ್ಸ್ ಕೈಗೆ ಕೊಟ್ಟು, ನೀವು ಓದಿ ಮುಗಿಸುವವರೆಗೆ ಒಳಗೆ ಬರಬೇಡಿ ಎಂದಿದ್ದೇನೆ. ಈಗ ಅವರು ನಿಮ್ಮ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ ಅತ್ತೆ. ಗಡ್ಡೆಗೆ ಧನ್ಯವಾದ ಹೇಳಬೇಕಾಗಿಲ್ಲ, ಬೀಜಕ್ಕೆ ಧನ್ಯವಾದ ಹೇಳಿದರೆ ಮೊಳೆಯುವುದಿಲ್ಲ ಎಂದು ನೀವೇ ನನ್ನನ್ನು ಗದರಿಸುವವರು. ಡಾಗ್ನಿಗೆ ಹೇಳಬೇಕಾಗಿದ್ದ ಮಾತನ್ನು ಮಾತ್ರ ಹೇಳಿಬಿಡಿ. ಓಟ್ಟಾರ್ ಅವರಿಗೆ ಎಡಗಿವಿ ಮಾತ್ರ ಕೇಳಿಸುತ್ತದೆ. ಆ ಕಡೆ ಕೂತು ಗಟ್ಟಿಯಾಗಿ ಹೇಳಿ. ಎರಡನೇ ಸಲ ಹೇಳಲು ನಿಮ್ಮಿಂದ ಆಗುವುದಿಲ್ಲ, ನನಗೆ ಗೊತ್ತು.